ಮೀಟರ್ ಮುಟ್ಟದ ತೀರ್ಪು

ಕಾರಿನ ಆಂಪ್ಲಿಫೈಯರಿನಲ್ಲಿ 'ಪ್ರೊಟೆಕ್ಟ್' ಎಂಬ ಕೆಂಪು ದೀಪ ಹತ್ತಿತೆಂದರೆ ಅಂಗಡಿಗಳಲ್ಲಿ ಕೇಳಿಬರುವುದು ಒಂದೇ ಮಾತು: 'ಬೋರ್ಡ್ ಹೋಗಿದೆ ಸಾರ್, ಹೊಸದು ಹಾಕ್ಸಿಬಿಡಿ.' ಪುಸ್ತಕ ಓದದೆ ವಿಮರ್ಶೆ ಬರೆಯುವವರನ್ನು ಕಂಡು ನಗುವ ನಾವು, ಮೀಟರ್ ಮುಟ್ಟದೆ ಕೊಟ್ಟ ಈ ತೀರ್ಪಿಗೆ ಮಾತ್ರ ತಲೆಯಾಡಿಸಿ ದುಡ್ಡು ಎಣಿಸುತ್ತೇವೆ. ನನ್ನ ತಕರಾರು ಇರುವುದು ಇಲ್ಲೇ.

ಆ ದೀಪ ಸಾವಿನ ಸುದ್ದಿಯಲ್ಲ, ಎಚ್ಚರಿಕೆ. ಎಲ್ಲೋ ತೊಂದರೆ ಕಂಡ ಯಂತ್ರ ತನ್ನನ್ನು ಕಾಪಾಡಿಕೊಳ್ಳಲು ಸುಮ್ಮನಾಗಿದೆ, ಅಷ್ಟೆ. ಆಫ್ ಮಾಡಿ, ಸ್ಪೀಕರ್ ವೈರುಗಳನ್ನು ಬಿಚ್ಚಿ, ಮತ್ತೆ ಆನ್ ಮಾಡಿ. ಈಗ ಕೆಂಪು ದೀಪ ಬರದಿದ್ದರೆ ಬಹುಪಾಲು ದೋಷ ಸ್ಪೀಕರಿನಲ್ಲಿ, ಇಲ್ಲವೇ ಅದರ ವೈರಿನಲ್ಲಿದೆ. ಬಂದರೆ ಆರ್‌ಸಿಎ ಕೇಬಲ್ಲನ್ನೂ ತೆಗೆದು ನೋಡಿ. ಟರ್ಮಿನಲ್ಲಿಗೆ 12 ವೋಲ್ಟ್ ಬರುತ್ತಿದೆಯೇ? ಗ್ರೌಂಡ್ ವೈರು ಬಣ್ಣ ಕೆರೆದ ಬರಿ ಲೋಹಕ್ಕೆ ಬಿಗಿಯಾಗಿ ಕೂತಿದೆಯೇ? ಇಷ್ಟೂ ಸರಿಯಿದ್ದರೆ ಆಮೇಲೆ ಒಳಗಿನ ಮಾಸ್‌ಫೆಟ್ಟುಗಳನ್ನು ಅನುಮಾನಿಸೋಣ. ಅವೂ ಬಿಡಿಯಾಗಿ ಬದಲಾಯಿಸಬಹುದಾದ ಭಾಗಗಳೇ. ನನ್ನ ಕಾರಿಗೂ 'ಬೋರ್ಡ್ ಹೋಗಿದೆ' ಎಂದೇ ತೀರ್ಪಾಗಿತ್ತು. ಹೋಗಿದ್ದು ಬಾಗಿಲಿನ ಸಂದಿಯಲ್ಲಿ ಸವೆದ ಒಂದು ವೈರು.

'ಹುಡುಕುತ್ತಾ ಕೂತರೆ ಗಿಟ್ಟಲ್ಲ' ಎನ್ನುತ್ತಾರೆ. ಒಪ್ಪುತ್ತೇನೆ, ಹುಡುಕುವ ಕೂಲಿ ಕೇಳಲಿ, ಕೊಡೋಣ. ಹುಡುಕದೇ ಇದ್ದುದಕ್ಕೆ ಹೊಸ ಆಂಪ್ಲಿಫೈಯರಿನ ಬೆಲೆ ಯಾಕೆ ತೆರಬೇಕು? 2022ರಲ್ಲಿ ಕೇಂದ್ರ ಸರ್ಕಾರ ದುರಸ್ತಿಯ ಹಕ್ಕಿಗೆಂದೇ ಒಂದು ಪೋರ್ಟಲ್ ತೆರೆಯಿತು. ಆದರೆ 'ಏನು ಹೋಗಿದೆ, ಅಳೆದು ತೋರಿಸಿ' ಎಂದು ಕೌಂಟರಿನ ಮುಂದೆ ನಿಂತು ನಾವೇ ಕೇಳದಿದ್ದರೆ ಆ ಹಕ್ಕು ಯಾರಿಗೆ?