ಉಳಿದ ಬಟ್ಟೆಯ ಬೆಲೆ

ದೂರದರ್ಶನದಲ್ಲಿ ತಾನು ಅಕ್ಕರೆಯಿಂದ ನೋಡಿದ ಧಾರಾವಾಹಿಯೊಂದು ಮುಗಿದ ಮೇಲೆ, ಅದರ ಪಾತ್ರಧಾರಿಗಳ ಉಡುಪಿಗೆಂದು ತಂದು ಮಿಕ್ಕ ಬಟ್ಟೆಯನ್ನೋ ಅದರಲ್ಲಿ ಬಳಸಿದ ಸಾಮಾನನ್ನೋ ಮಗಳೊಬ್ಬಳು ತನ್ನ ಸಂಬಳದ ಹಣದಿಂದ ಕೊಂಡು ತಂದಳೆಂದರೆ, ಮನೆಯ ಹಿರಿಯರು ಏನನ್ನುವರೆಂದು ಊಹಿಸುವುದು ಕಷ್ಟವಲ್ಲ. “ಇಷ್ಟು ಹಣಕ್ಕೆ ಒಂದು ಒಳ್ಳೆಯ ಸೀರೆಯೇ ಬರುತ್ತಿತ್ತಲ್ಲಮ್ಮ” ಎಂದು ತಾಯಿ ಅಂದಾಳು. “ವೇಷದ ಬಟ್ಟೆಯನ್ನು ತಂದು ಪೆಟ್ಟಿಗೆಯಲ್ಲಿಡುವುದಕ್ಕೋ ನಿನ್ನನ್ನು ಓದಿಸಿದ್ದು?” ಎಂದು ತಂದೆ ಕೇಳಿಯಾನು. ಮಗಳಾದರೋ, ತನ್ನ ಸಂತೋಷವನ್ನು ಯಾರೂ ಅರಿಯಲೊಲ್ಲರೆಂದು ಮುಖ ತಿರುಗಿಸಿಕೊಂಡಾಳು. ಇಂಥ ಕೊಳ್ಳುವಿಕೆ ಬರಿಯ ಹುಚ್ಚೆಂದು ನಾವು ಹೇಳಲಾರೆವು. ಅದು ಯಾವಾಗಲೂ ಮೆಚ್ಚತಕ್ಕದ್ದೆಂದೂ ಹೇಳಲಾರೆವು. ಕೊಂಡದ್ದನ್ನು ಏನು ಮಾಡುತ್ತೇವೆಂಬುದರಿಂದಲೇ ಅದರ ಬೆಲೆ ತಿಳಿಯತಕ್ಕದ್ದೆಂಬುದು ನಮ್ಮ ಅಭಿಪ್ರಾಯ. ಈ ವಿಷಯದಲ್ಲಿ ನಮಗೆ ತೋರಿದ ಕೆಲವು ಮಾತುಗಳನ್ನು ಹೆತ್ತವರ ಮುಂದೆಯೂ ನಮ್ಮ ಹಳೆಯ ವಿದ್ಯಾರ್ಥಿನಿಯರ ಮುಂದೆಯೂ ಇಡಬಯಸುತ್ತೇವೆ.

ಮೊದಲನೆಯದಾಗಿ, ಈ ಆಸೆ ಪರದೇಶದಿಂದ ಬಂದ ಹೊಸ ರೋಗವೇನೂ ಅಲ್ಲ. ಕೂಸಿನ ಮೊದಲ ಅಂಗಿಯನ್ನು ಮಡಚಿ ಇಟ್ಟುಕೊಳ್ಳದ ತಾಯಿ ಎಲ್ಲಿದ್ದಾಳೆ? ಅಜ್ಜಿಯ ಧಾರೆಯ ಸೀರೆ ಹರಿದುಹೋದರೂ ಅದರ ಸೆರಗನ್ನು ಕತ್ತರಿಸಿ ಉಳಿಸಿಕೊಂಡ ಮನೆಗಳು ಎಷ್ಟಿಲ್ಲ? ಪ್ರೀತಿಯು ನೆನಪಿನಲ್ಲಿ ಮಾತ್ರ ನಿಲ್ಲಲಾರದೆ, ಕೈಯಿಂದ ಮುಟ್ಟತಕ್ಕ ಒಂದು ವಸ್ತುವನ್ನು ಬೇಡುತ್ತದೆ. ನಮ್ಮ ನಾಡಿನಲ್ಲಿಯೇ, ಶಂಕರ್ ನಾಗ್ ಅವರು 1980ರ ದಶಕದಲ್ಲಿ ‘ಮಾಲ್ಗುಡಿ ಡೇಸ್’ ಧಾರಾವಾಹಿಯನ್ನು ಶಿವಮೊಗ್ಗ ಜಿಲ್ಲೆಯ ಆಗುಂಬೆಯಲ್ಲಿ ಚಿತ್ರಿಸಿದರಷ್ಟೆ. ಅದೇ ಜಿಲ್ಲೆಯ ಅರಸಾಳು ರೈಲು ನಿಲ್ದಾಣದ ಹಳೆಯ ಕಟ್ಟಡವು 2020ರಲ್ಲಿ ಮಾಲ್ಗುಡಿಯ ಹೆಸರಿನ ಸಂಗ್ರಹಾಲಯವಾಗಿ ಮಾರ್ಪಟ್ಟಿತು. ಕಟ್ಟಡವನ್ನು ಮನೆಗೆ ಕೊಂಡೊಯ್ಯಲಾಗದೆಂದು ಜನರು ಅಲ್ಲಿಗೇ ಹೋಗಿ ನೋಡಿ ಬರುತ್ತಾರೆ. ಕೊಂಡೊಯ್ಯಬಹುದಾದ ವಸ್ತು ಮಾರಾಟಕ್ಕೆ ಬಂದರೆ ಕೊಳ್ಳುವವರಿದ್ದಾರೆಂಬುದರಲ್ಲಿ ಆಶ್ಚರ್ಯವೇನು?

ಅಂಥ ಮಾರಾಟಕ್ಕೆ ಅಮೇರಿಕಾ ದೇಶದ ‘ಸ್ಟಾರ್ ಟ್ರೆಕ್’ ಎಂಬ ಆಕಾಶಯಾನದ ಧಾರಾವಾಹಿಯನ್ನು ನಿದರ್ಶನವಾಗಿ ತೆಗೆದುಕೊಳ್ಳೋಣ. 1966ರಲ್ಲಿ ಪ್ರಾರಂಭವಾದ ಇದು ಮೂರೇ ವರುಷಗಳಲ್ಲಿ ನಿಂತುಹೋಯಿತು. ಆದರೆ 1987ರಲ್ಲಿ ಹೊಸ ಪಾತ್ರಗಳೊಡನೆ ಮರಳಿ ಬಂದು, ಒಂದರ ಹಿಂದೊಂದು ಕಥೆಯಾಗಿ 2005ರ ವರೆಗೂ ನಡೆಯಿತು. ಅಷ್ಟು ವರುಷಗಳ ಉಡುಪುಗಳೂ ಸಾಮಾನುಗಳೂ ಉಗ್ರಾಣಗಳಲ್ಲಿ ತುಂಬಿದ್ದವು. 2006ರ ಅಕ್ಟೋಬರ್ 5ರಿಂದ 7ರ ವರೆಗೆ ನ್ಯೂಯಾರ್ಕ್ ನಗರದಲ್ಲಿ ಕ್ರಿಸ್ಟೀಸ್ ಸಂಸ್ಥೆಯವರು ಇವುಗಳಲ್ಲಿ ಆರಿಸಿದ್ದನ್ನು ಸಾವಿರಕ್ಕೂ ಮಿಕ್ಕ ಬಾಬುಗಳಾಗಿ ಹರಾಜು ಹಾಕಿದರು. ಒಟ್ಟು 70 ಲಕ್ಷ ಡಾಲರುಗಳಿಗೂ ಹೆಚ್ಚು ಹಣ ಕೂಡಿತು. ಕಥೆಯ ಆಕಾಶನೌಕೆಯ ಒಂದು ಮಾದರಿಗೇ 5,76,000 ಡಾಲರು ಬಿತ್ತು. ದೊಡ್ಡ ಹರಾಜಿಗೆ ಬಾರದೆ ಉಳಿದ ಉಡುಪುಗಳೂ ಬಿಡಿ ಸಾಮಾನುಗಳೂ ಆ ಬಳಿಕ ಅಂತರ್ಜಾಲದ ಹರಾಜಿನ ಮೂಲಕ ಸಾಮಾನ್ಯರ ಕೈಗೂ ಎಟಕುವಂತಾದವು.

ಹೊಲಿದ ಉಡುಪು ಮಾರಾಟಕ್ಕೆ ಬರುವುದು ಸರಿ, ಹೊಲಿಯದ ಬಟ್ಟೆ ಉಳಿಯುವುದು ಹೇಗೆಂದು ಕೆಲವರು ಕೇಳಬಹುದು. ಧಾರಾವಾಹಿಯ ಉಡುಪನ್ನು ಒಂದೇ ಪ್ರತಿಯಾಗಿ ಹೊಲಿದರೆ ಸಾಲದು. ಒಂದು ಕೊಳೆಯಾದರೆ ತೊಡಲು ಇನ್ನೊಂದು ಬೇಕು. ನಟನ ಬದಲಾಗಿ ಬೀಳುವ ಹಾರುವ ಕೆಲಸವನ್ನು ಮಾಡುವವನಿಗೆ ಮತ್ತೊಂದು ಬೇಕು. ಒಮ್ಮೆ ಬಣ್ಣ ಹಾಕಿದ ತಾನಿಗೂ ಇನ್ನೊಮ್ಮೆ ಬಣ್ಣ ಹಾಕಿದ ತಾನಿಗೂ ಕೂದಲೆಳೆಯಷ್ಟು ವ್ಯತ್ಯಾಸ ಬರುವುದನ್ನು ಹೊಲಿಗೆ ಬಲ್ಲವರೆಲ್ಲರೂ ಕಂಡಿದ್ದಾರೆ. ಆದುದರಿಂದ ಎಚ್ಚರವುಳ್ಳ ದರ್ಜಿಯು ಬೇಕಾದುದಕ್ಕಿಂತ ಕೆಲವು ಗಜ ಹೆಚ್ಚಾಗಿಯೇ ಕೊಂಡಿಡುತ್ತಾನೆ. ಕಥೆ ಮುಗಿದಾಗ ಮಿಗುವ ಬಟ್ಟೆ ಇದೇ. ಇದನ್ನು ಯಾವ ನಟನೂ ತೊಟ್ಟಿಲ್ಲ. ಯಾವ ಕೀರ್ತಿಯೂ ಇದಕ್ಕೆ ಅಂಟಿಲ್ಲ. ಹಾಗಿದ್ದರೂ, ಪ್ರಸಿದ್ಧರು ತೊಟ್ಟ ಉಡುಪಿಗಿಂತ ಈ ಉಳಿದ ಬಟ್ಟೆಯೇ ನಮ್ಮ ಹೆಣ್ಣು ಮಕ್ಕಳಿಗೆ ಹೆಚ್ಚು ತಕ್ಕದ್ದೆಂದು ನಾವು ಧೈರ್ಯವಾಗಿ ಹೇಳುತ್ತೇವೆ. ಏಕೆಂದರೆ ತೊಟ್ಟ ಉಡುಪನ್ನು ಗಾಜಿನ ಹಿಂದೆ ಇಟ್ಟು ನೋಡಬಹುದಷ್ಟೆ. ಉಳಿದ ಬಟ್ಟೆಗೆ ಕತ್ತರಿ ಹಾಕಬಹುದು.

ಬಟ್ಟೆಯು ಕೈಗೆ ಬಂದಾಗ ಅದು ಕಲಿಸುವ ಪಾಠ ಸಣ್ಣದಲ್ಲ. ಆ ಮೊದಲ ‘ಸ್ಟಾರ್ ಟ್ರೆಕ್’ ಕಥೆಗೆ ಉಡುಪುಗಳನ್ನು ಕಲ್ಪಿಸಿದವರು ವಿಲಿಯಂ ವೇರ್ ಥೀಸ್ ಎಂಬವರು. ಅವರು ಮೊದಲು ಆರಿಸಿದ್ದು ಮಕಮಲ್ಲನ್ನು ಹೋಲುವ ವೆಲೂರ್ ಬಟ್ಟೆ. ನೋಟಕ್ಕೆ ಅದು ಬಹಳ ಚೆಲುವು. ಆದರೆ ಪ್ರತಿಸಲ ಶುಚಿಮಾಡಿದಾಗಲೂ ಕುಗ್ಗುತ್ತಿತ್ತು. ಮೂರನೆಯ ವರುಷದಲ್ಲಿ ಅದನ್ನು ಬಿಟ್ಟು ನೈಲಾನಿನ ಹೆಣಿಗೆ ಬಟ್ಟೆಗೆ ಬದಲಾಯಿಸಬೇಕಾಯಿತು. ಇನ್ನೂ ವಿಚಿತ್ರವಾದ ಸಂಗತಿಯೆಂದರೆ, ನೌಕೆಯ ನಾಯಕನು ಹೊಂಬಣ್ಣದ ಅಂಗಿಯನ್ನು ತೊಟ್ಟಿದ್ದನೆಂದು ಲೋಕವೆಲ್ಲ ನಂಬಿತ್ತಷ್ಟೆ. ಆ ವೆಲೂರ್ ನಿಜವಾಗಿ ಹಸುರು ಛಾಯೆಯದು! ದೀಪಗಳ ಬೆಳಕೂ ಚಿತ್ರದ ಸುರುಳಿಯೂ ಸೇರಿ ಅದನ್ನು ಹೊನ್ನಾಗಿ ತೋರಿಸಿದವು. ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬ ಗಾದೆಯನ್ನು ಪುಸ್ತಕದಲ್ಲಿ ಓದುವುದು ಒಂದು. ಅಂಥ ಬಟ್ಟೆಯ ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದು, ಕಣ್ಣು ಇಷ್ಟು ದಿವಸ ಮೋಸಹೋಗಿತ್ತೆಂದು ಕಾಣುವುದು ಇನ್ನೊಂದು.

1987ರ ಕಥೆಯಲ್ಲಿಯೂ ಇಂಥದೇ ಅನುಭವವಾಯಿತು. ಆಗ ಮೈಗೆ ಅಂಟಿಕೊಳ್ಳುವ, ಹಿಗ್ಗುವ ಸ್ಪ್ಯಾಂಡೆಕ್ಸ್ ಬಟ್ಟೆಯಿಂದ ಒಂದೇ ತುಂಡಿನ ಉಡುಪನ್ನು ಹೊಲಿಸಿದರು. ಸುಕ್ಕು ಕಾಣಬಾರದೆಂದು ಅದನ್ನು ಬಿಗಿಯಾಗಿ ಹೊಲಿದುದರಿಂದ ನಟರಿಗೆ ಬೆನ್ನುನೋವು ಬಂತು. ಮೂರನೆಯ ವರುಷ ರಾಬರ್ಟ್ ಬ್ಲ್ಯಾಕ್‌ಮನ್ ಎಂಬವರು ಉಣ್ಣೆಯ ಗ್ಯಾಬರ್ಡೀನ್ ಬಟ್ಟೆಯಲ್ಲಿ ಅಂಗಿಯನ್ನೂ ಷರಾಯಿಯನ್ನೂ ಬೇರೆಬೇರೆಯಾಗಿ ಮಾಡಿಸಿದರು. ಉಡುಪು ನೋಡುವವರಿಗೆ ಮಾತ್ರವಲ್ಲ, ತೊಡುವವರಿಗೂ ಹಿತವಾಗಿರಬೇಕೆಂಬುದನ್ನು ಹೊಲಿಗೆಯ ತರಗತಿಯಲ್ಲಿ ಕುಳಿತ ನಮ್ಮ ಹುಡುಗಿಯರು ಬಲ್ಲರು. ಹಣವಂತರಾದ ಚಿತ್ರಶಾಲೆಯವರು ಅದನ್ನು ಎರಡು ವರುಷ ತಡವಾಗಿ ಕಲಿತರು.

ಸಾಮಾನುಗಳ ವಿಷಯವೂ ಹೀಗೆಯೇ. ಮೊದಲ ಕಥೆಯಲ್ಲಿ ಉಪ್ಪುದಾನಿಗಳು ಬೇಕಾದಾಗ, ಸಾಮಾನು ಒದಗಿಸುವವರು ನೂತನ ಆಕಾರದವನ್ನು ಕೊಂಡು ತಂದರು. ಅವನ್ನು ನೋಡಿದ ಜನ ಉಪ್ಪುದಾನಿಯೆಂದು ಗುರುತಿಸಲಾರರೆಂಬ ಸಂಶಯ ಹುಟ್ಟಿದುದರಿಂದ, ಮೇಜಿನ ಮೇಲೆ ಸಾಧಾರಣ ಉಪ್ಪುದಾನಿಗಳನ್ನೇ ಇಟ್ಟು, ಈ ವಿಚಿತ್ರವಾದವುಗಳನ್ನು ನೌಕೆಯ ವೈದ್ಯನ ಕೈಗೆ ಶಸ್ತ್ರಚಿಕಿತ್ಸೆಯ ಉಪಕರಣಗಳಾಗಿ ಕೊಟ್ಟರು! ‘ಆಲ್ ಇನ್ ದಿ ಫ್ಯಾಮಿಲಿ’ ಎಂಬ ಇನ್ನೊಂದು ಅಮೇರಿಕನ್ ಧಾರಾವಾಹಿಯಲ್ಲಿ ಮನೆಯ ಯಜಮಾನನು ಕೂರುತ್ತಿದ್ದ ಕುರ್ಚಿಯನ್ನು ಹಳೆಯ ಸಾಮಾನಿನ ಅಂಗಡಿಯಿಂದ ಕೆಲವೇ ಡಾಲರುಗಳಿಗೆ ತಂದಿದ್ದರು. 1978ರಲ್ಲಿ ಅದು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಗ್ರಹಾಲಯವನ್ನು ಸೇರಿತು. ಕುರ್ಚಿ ಅದೇ, ಮರ ಅದೇ, ಬಟ್ಟೆ ಅದೇ. ನಡುವೆ ಸೇರಿಕೊಂಡದ್ದು ಕೋಟ್ಯಂತರ ಮನೆಗಳವರ ನಗೆಯೂ ನೆನಪೂ ಮಾತ್ರ.

ಬೆಲೆಯು ವಸ್ತುವಿನಲ್ಲಿಲ್ಲದೆ ಅದರ ಕಥೆಯಲ್ಲಿರುವುದರಿಂದಲೇ ಇಲ್ಲಿ ಒಂದು ಅಪಾಯವೂ ಇದೆ. ಕಥೆ ಸುಳ್ಳಾದರೆ ಬೆಲೆಯೂ ಸುಳ್ಳಾಗುವುದು. ಮೇಲೆ ಹೇಳಿದ 2006ರ ಹರಾಜಿನಲ್ಲಿ, ಡೇಟಾ ಎಂಬ ಪಾತ್ರವು ಇಸ್ಪೀಟಾಡುವಾಗ ಹಣೆಯ ಮೇಲೆ ಧರಿಸುತ್ತಿದ್ದ ಬೆಳಕಿನ ಮರೆಯನ್ನು ಒಬ್ಬರು 6,000 ಡಾಲರುಗಳಿಗೆ ಕೊಂಡರು. ಮುಂದೆ ಅದರ ಮೇಲೆ ಸಹಿ ಪಡೆಯಲು ಆ ಪಾತ್ರಧಾರಿಯ ಬಳಿಗೇ ಹೋದಾಗ, ಅದು ತಾನು ಧರಿಸಿದ್ದಲ್ಲವೆಂದು ಅವರು ಹೇಳಿದರಂತೆ. ಕೊಂಡವರು ನ್ಯಾಯಾಲಯಕ್ಕೆ ಹೋದರು. ಮಾರಿದ ಸಂಸ್ಥೆಯವರು ತಮ್ಮ ವಸ್ತು ಸಾಚಾ ಎಂದೇ ವಾದಿಸಿದರು. ಯಾರ ಪಕ್ಷದಲ್ಲಿ ನ್ಯಾಯವಿದ್ದರೂ, ನಿನ್ನೆಯ ವರೆಗೆ ಆನಂದವನ್ನು ಕೊಟ್ಟ ವಸ್ತುವು ಒಂದು ಮಾತಿನಿಂದ ಕಣ್ಣಿನ ಕಸವಾಯಿತು. ಅದು ಹಿಂದಿನ ದಿವಸ ಎಷ್ಟು ನೆರಳು ಕೊಡುತ್ತಿತ್ತೋ ಮರುದಿವಸವೂ ಅಷ್ಟೇ ಕೊಡುತ್ತಿತ್ತಲ್ಲವೆ? ಬರಿಯ ಕೀರ್ತಿಗಾಗಿ ಕೊಂಡವರ ಸಂತೋಷವು ಹೀಗೆ ಇನ್ನೊಬ್ಬರ ನಾಲಗೆಯ ಮೇಲೆ ನಿಂತಿರುತ್ತದೆ. ಬಟ್ಟೆಯ ನೇಯ್ಗೆಯನ್ನೂ ಹೊಲಿಗೆಯ ಅಚ್ಚುಕಟ್ಟನ್ನೂ ಅರಿತು ಕೊಂಡವಳ ಸಂತೋಷವನ್ನು ಯಾರೂ ಕಸಿದುಕೊಳ್ಳಲಾರರು.

ಇದಲ್ಲದೆ, ನಾವು ಮುಖ್ಯವೆಂದೆಣಿಸುವ ಇನ್ನೊಂದು ಸಂಗತಿಯುಂಟು. ಧಾರಾವಾಹಿಯನ್ನು ನೋಡುವಾಗ ನಮ್ಮ ಕಣ್ಣು ನಟರ ಮುಖದ ಮೇಲಿರುತ್ತದೆ. ರಾತ್ರಿಯೆಲ್ಲ ಎದ್ದು ಕುಳಿತು ಅವರ ತೋಳಿಗೆ ಅಂಚು ಮಡಚಿದವರ ಹೆಸರು ನಮಗೆ ತಿಳಿಯದು. ಉಡುಪನ್ನು ತಿರುವಿ ಅದರ ಒಳಮೈಯನ್ನು ನೋಡಿದವರಿಗೆ ಮಾತ್ರ ಅವರ ಗುರುತು ಸಿಗುತ್ತದೆ. ಅಸ್ತರನ್ನು ಹೇಗೆ ಕೂಡಿಸಿದರು, ಹಿಗ್ಗಿಸಲು ಎಷ್ಟು ಬಟ್ಟೆ ಒಳಗೆ ಬಿಟ್ಟರು, ಕೊಕ್ಕೆಯನ್ನು ಎಲ್ಲಿ ಮರೆಮಾಡಿದರು ಎಂಬುದನ್ನು ಬೆರಳಿನಿಂದ ಓದಬಹುದು. ಹೊಲಿಗೆಯಿಂದ ಸಂಸಾರ ಸಾಗಿಸಿ ಮಕ್ಕಳನ್ನು ಓದಿಸಿದ ತಾಯಂದಿರು ಈ ಹೊತ್ತಿಗೆಯನ್ನು ಓದುವವರಲ್ಲಿಯೂ ಇದ್ದಾರೆ. ಹೆಸರಿಲ್ಲದ ಕೈಗಳಿಗೆ ಸಲ್ಲಬೇಕಾದ ಗೌರವವು ಇಂಥ ಒಂದು ತುಂಡು ಬಟ್ಟೆಯ ಮೂಲಕವಾದರೂ ಸಲ್ಲುವುದಾದರೆ, ಕೊಟ್ಟ ಹಣ ವ್ಯರ್ಥವಾಯಿತೆಂದು ನಾವೆನ್ನಲಾರೆವು.

ಮಾರುವವರಿಗೂ ಒಂದು ಧರ್ಮವುಂಟು. ಇಂಗ್ಲಂಡಿನ ರಾಜಮನೆತನದ ಕಥೆಯಾದ ‘ದಿ ಕ್ರೌನ್’ ಧಾರಾವಾಹಿಯ ಉಡುಪುಗಳನ್ನೂ ಸಾಮಾನುಗಳನ್ನೂ 2024ರ ಫೆಬ್ರುವರಿ ತಿಂಗಳಲ್ಲಿ ಲಂಡನ್ನಿನ ಬಾನ್‌ಹ್ಯಾಮ್ಸ್ ಸಂಸ್ಥೆಯವರು ಹರಾಜು ಹಾಕಿದರು. ಅಲ್ಲಿ ಸಭೆಯಲ್ಲಿ ನಡೆದ ಹರಾಜಿನ ಉತ್ಪನ್ನವನ್ನು ರಾಷ್ಟ್ರೀಯ ಚಲನಚಿತ್ರ ಮತ್ತು ಟೆಲಿವಿಷನ್ ಶಾಲೆಯ ವಿದ್ಯಾರ್ಥಿವೇತನಕ್ಕೆಂದು ಮೀಸಲಿಟ್ಟರು. ನಾಟಕದ ರಾಣಿಯ ಉಡುಪು ನಿಜವಾದ ವಿದ್ಯಾರ್ಥಿಗಳ ಓದಿಗೆ ನೆರವಾಗುವುದಕ್ಕಿಂತ ಉತ್ತಮವಾದ ಗತಿ ಅದಕ್ಕೆ ಇನ್ನೇನು ಬಂದೀತು?

ಹೀಗಿರಲು, ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ನಾವು ಹೇಳುವುದಿಷ್ಟೆ. ಸಾಲಮಾಡಿ ಕೊಳ್ಳಬೇಡಿರಿ, ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು. ಹರಾಜಿನ ಭರದಲ್ಲಿ ಪಕ್ಕದವರಿಗೆ ಸೋಲಬಾರದೆಂಬ ಹಟದಿಂದ ಕೂಗಿದ ಬೆಲೆಯು ಮನೆಗೆ ಬಂದ ಮೇಲೆ ಹೊರೆಯಾಗುತ್ತದೆ. ಮುಂದೆ ಲಾಭಕ್ಕೆ ಮಾರಬಹುದೆಂಬ ಲೆಕ್ಕವನ್ನೂ ಬಿಡಿರಿ. ಹಳೆಯ ರಬ್ಬರು ಒಡೆಯುತ್ತದೆ, ನೊರೆರಬ್ಬರು ಪುಡಿಯಾಗುತ್ತದೆ, ಹಿಗ್ಗುವ ಬಟ್ಟೆ ತನ್ನ ಬಿಗಿಯನ್ನು ಕಳೆದುಕೊಳ್ಳುತ್ತದೆ, ಬಿಸಿಲಿಗೆ ಬಣ್ಣ ಹಾರುತ್ತದೆ. ವಸ್ತುವಿನೊಡನೆ ಬಂದ ಕಾಗದಪತ್ರಗಳನ್ನು ಜೋಪಾನವಾಗಿಡಿರಿ. ಒಂದು ಮೂಲೆಯನ್ನು ನೆನೆಸಿ ನೋಡದೆ ಬಟ್ಟೆಯನ್ನು ನೀರಿಗೆ ಹಾಕಬೇಡಿರಿ. ನೀವು ಆ ಬಟ್ಟೆಯಿಂದ ನಾಯಕನ ಅಂಗಿಯನ್ನೇ ಹೊಲಿದರೆ ಸಂತೋಷ. ಆದರೆ ಬಟ್ಟೆ ಅಲ್ಲಿಯದು, ಹೊಲಿಗೆ ನನ್ನದು ಎಂಬ ಒಂದು ಚೀಟಿಯನ್ನು ಅದರ ಒಳಗೆ ಹೊಲಿದಿಡಿರಿ. ಇಲ್ಲವಾದರೆ ನಿಮ್ಮ ಕಾಲವಾದ ಮೇಲೆ ಯಾರೋ ಅದನ್ನು ನಟನೇ ತೊಟ್ಟದ್ದೆಂದು ಮಾರಿಯಾರು, ಅರಿಯದವರು ಮೋಸಹೋದಾರು.

ಹೆತ್ತವರಿಗೂ ಒಂದು ಮಾತು. ಮಗಳು ಆ ಬಟ್ಟೆಯನ್ನು ಮನೆಗೆ ತಂದ ದಿವಸ ಅದರ ಬೆಲೆಯನ್ನು ಕೇಳುವ ಮೊದಲು, ಇದನ್ನು ಹೇಗೆ ನೇಯ್ದಿದ್ದಾರೆ, ನೀನು ಇದರಿಂದ ಏನು ಹೊಲಿಯುತ್ತೀ ಎಂದು ಕೇಳಿ ನೋಡಿರಿ. ಅವಳಲ್ಲಿ ಉತ್ತರವಿದ್ದರೆ, ಅವಳ ಹಣ ಎಲ್ಲಿಗೆ ಹೋಯಿತೆಂಬ ಚಿಂತೆ ನಿಮಗೆ ಬೇಡ. ಉತ್ತರವಿಲ್ಲದಿದ್ದರೂ ಸಿಟ್ಟಾಗಬೇಡಿರಿ, ಕತ್ತರಿಯನ್ನೂ ಸೂಜಿದಾರವನ್ನೂ ತಂದು ಅವಳ ಪಕ್ಕದಲ್ಲಿ ಕುಳಿತುಕೊಳ್ಳಿರಿ. ಪೆಟ್ಟಿಗೆಯ ತಳದಲ್ಲಿ ಮಲಗಬೇಕಾಗಿದ್ದ ಬಟ್ಟೆಯು ಆಗ ತಾಯಿ ಮಗಳಿಬ್ಬರ ಕೈಯಲ್ಲಿ ಮತ್ತೊಮ್ಮೆ ಕೆಲಸಕ್ಕೆ ಬಂದೀತು.