ಮೈಕಿಗೊಂದು ತೋಳು: ಕೊಳ್ಳುವ ಮೊದಲು ತೂಗಿ, ಅಳೆದು ನೋಡಿ

ಓದುವ ಮೇಜೇ ಈಗ ಅನೇಕ ಮಕ್ಕಳಿಗೆ ಧ್ವನಿಮುದ್ರಣದ ಕೊಠಡಿಯೂ ಆಗಿದೆ. ಒಬ್ಬಳು ಭಾವಗೀತೆ ಹಾಡಿ ಮುದ್ರಿಸುತ್ತಾಳೆ. ಇನ್ನೊಬ್ಬ ಗೆಳೆಯರಿಗಾಗಿ ಪಾಠ ಓದಿ ಕಳಿಸುತ್ತಾನೆ. ಮತ್ತೊಬ್ಬನಿಗೆ ಕಥೆ ಹೇಳುವ ಹುಚ್ಚು. ಹೇಗೋ ಮನೆಗೊಂದು ಮೈಕು ಬಂದಾಯಿತು. ಕೆಲವು ದಿನ ಕಳೆಯುವಷ್ಟರಲ್ಲಿ ಎರಡನೆಯ ಬೇಡಿಕೆ ಹಾಜರು: "ಅಪ್ಪಾ, ಇದಕ್ಕೊಂದು ಬೂಮ್ ಆರ್ಮ್ ಬೇಕು."

ಮೇಜಿನ ಅಂಚನ್ನು ಕಚ್ಚಿ ಹಿಡಿದು, ನಮ್ಮ ಮೊಣಕೈಯಂತೆ ಮಡಚಿ, ಚಾಚಿ, ಮೈಕನ್ನು ಬಾಯಿಯ ಮುಂದೆ ಹಿಡಿಯುವ ಲೋಹದ ತೋಳು ಇದು. ಬೆಲೆ ಕೆಲವು ನೂರು ರೂಪಾಯಿಯಿಂದ ಹಲವು ಸಾವಿರದವರೆಗೆ. ಚಿತ್ರದಲ್ಲಿ ನೋಡಿದರೆ ಎಲ್ಲವೂ ಒಂದೇ ತರಹ. ಹಾಗಾದರೆ ಯಾವುದನ್ನು ಕೊಳ್ಳಬೇಕು? ನಿಜಕ್ಕೂ ಕೊಳ್ಳಲೇಬೇಕೇ? ಇದನ್ನು ತೀರ್ಮಾನಿಸಲು ಬೇಕಾದ ವಿಜ್ಞಾನವೆಲ್ಲ ಹೈಸ್ಕೂಲಿನ ಪಠ್ಯದಲ್ಲೇ ಇದೆ: ಸನ್ನೆ, ಸ್ಪ್ರಿಂಗ್ ಮತ್ತು ಶಬ್ದ. ಜೊತೆಗೆ ಒಂದು ಅಳತೆ ಪಟ್ಟಿ, ಒಂದು ತಕ್ಕಡಿ ಇದ್ದರೆ ಸಾಕು.

ಅಂದ ಹಾಗೆ, ಮನೆಯಿಂದ ದನಿ ಕಳಿಸುವ ಹವ್ಯಾಸ ನಮ್ಮ ನಾಡಿಗೆ ಹೊಸದೇನಲ್ಲ. 1935ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಪುಟ್ಟ ಬಾನುಲಿ ಕೇಂದ್ರ ಆರಂಭಿಸಿದ್ದರು. ಅದರ ಹೆಸರು 'ಆಕಾಶವಾಣಿ'. ಮುಂದೆ ಇಡೀ ದೇಶದ ಬಾನುಲಿಗೆ ಆ ಹೆಸರೇ ನಿಂತಿತು. ಆದ್ದರಿಂದ ಮಗು ಮೈಕಿನ ಮುಂದೆ ಕುಳಿತರೆ ಪಾಲಕರು ಮುಖ ಸಿಂಡರಿಸಬೇಕಾಗಿಲ್ಲ. ಲೆಕ್ಕ ಮಾತ್ರ ಕೇಳಬೇಕು.

ಹತ್ತಿರ ಬಂದರೆ ಏನು ಲಾಭ?

ತೋಳು ದನಿಯನ್ನು ಇಂಪಾಗಿಸುವುದಿಲ್ಲ. ಅದರ ಮುಖ್ಯ ಕೆಲಸ, ಮೈಕನ್ನು ಬಾಯಿಯ ಹತ್ತಿರಕ್ಕೆ ತಂದು ಅಲ್ಲೇ ನಿಲ್ಲಿಸುವುದು. ಆದರೆ ಈ 'ಹತ್ತಿರ' ಎಂಬುದರಲ್ಲೇ ಬಹುಪಾಲು ಗುಟ್ಟಿದೆ.

ಬಾಯಿಯಿಂದ ಹೊರಟ ಶಬ್ದ ಎಲ್ಲ ಕಡೆಗೂ ಹರಡುತ್ತ ಹೋಗುತ್ತದೆ. ದೂರ ಎರಡು ಪಟ್ಟಾದರೆ ಅದರ ತೀವ್ರತೆ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಇದೇ ವಿಲೋಮ ವರ್ಗ ನಿಯಮ. ಮೈಕು ಮೇಜಿನ ಮೇಲೆ ಪುಟ್ಟ ಸ್ಟ್ಯಾಂಡಿನಲ್ಲಿದೆ, ನೀವು ಬೆನ್ನು ನೆಟ್ಟಗೆ ಮಾಡಿ ಕುಳಿತಿದ್ದೀರಿ, ನಡುವಿನ ದೂರ 60 ಸೆಂ.ಮೀ. ಎಂದಿಟ್ಟುಕೊಳ್ಳಿ. ಅದನ್ನು 15 ಸೆಂ.ಮೀ.ಗೆ, ಅಂದರೆ ಕಂಪಾಸ್ ಪೆಟ್ಟಿಗೆಯ ಸ್ಕೇಲಿನಷ್ಟಕ್ಕೆ ತಂದರೆ ದೂರ ಕಾಲು ಭಾಗವಾಯಿತು. ನೇರವಾಗಿ ಮೈಕನ್ನು ತಲುಪುವ ದನಿ 16 ಪಟ್ಟಾಯಿತು. ಡೆಸಿಬೆಲ್ ಲೆಕ್ಕದಲ್ಲಿ ಇದು ಸುಮಾರು 12ರಷ್ಟು ಏರಿಕೆ.

ಆದರೆ ಫ್ಯಾನಿನ ಸದ್ದು, ಗೋಡೆಗೆ ಬಡಿದು ಬರುವ ಪ್ರತಿಧ್ವನಿ, ಅಡುಗೆಮನೆಯ ಕುಕ್ಕರ್ ಇವೆಲ್ಲ ಮೊದಲು ಇದ್ದಷ್ಟೇ ಇರುತ್ತವೆ. ನಿಮ್ಮ ದನಿ ಜೋರಾಗಿ ಸಿಕ್ಕಿದ್ದರಿಂದ ಮೈಕಿನ ಗ್ರಹಣದ ಗುಂಡಿಯನ್ನು ತಗ್ಗಿಸಬಹುದು. ತಗ್ಗಿಸಿದಾಗ ಈ ಗದ್ದಲವೂ ತಗ್ಗುತ್ತದೆ. ದುಬಾರಿ ಮೈಕನ್ನು ದೂರದಲ್ಲಿಟ್ಟು ಮಾಡಿದ ಮುದ್ರಣಕ್ಕಿಂತ ಸಾಧಾರಣ ಮೈಕನ್ನು ಹತ್ತಿರವಿಟ್ಟು ಮಾಡಿದ್ದು ಎಷ್ಟೋ ಸಲ ಸ್ಪಷ್ಟವಾಗಿ ಕೇಳುವುದು ಇದಕ್ಕೇ.

ಹತ್ತಿರ ಎಂದರೆ ತುಟಿಗೆ ತಾಗಿಸುವುದಲ್ಲ. ಅಂಗೈಯನ್ನು ಬಾಯಿಯ ಮುಂದೆ ಹಿಡಿದು 'ಪ', 'ಫ', 'ಭ' ಎಂದು ಹೇಳಿ ನೋಡಿ. ಮಹಾಪ್ರಾಣಕ್ಕೆ ಉಸಿರು ಜೋರಾಗಿ ತಾಗುತ್ತದೆ. ಇದೇ ಉಸಿರು ಮೈಕಿಗೆ ಬಡಿದಾಗ ಮುದ್ರಣದಲ್ಲಿ 'ಧಬ್' ಎಂಬ ಸದ್ದಾಗುತ್ತದೆ. ಆದ್ದರಿಂದ ಮೈಕು ಬಾಯಿಯ ನೇರಕ್ಕಿರದೆ ತುಸು ಪಕ್ಕಕ್ಕಿದ್ದು ಬಾಯಿಯ ಕಡೆ ಮುಖ ಮಾಡಿರಬೇಕು. ಇಂಥ ಓರೆ ಜಾಗದಲ್ಲಿ ಮೈಕನ್ನು ನಿಲ್ಲಿಸಲು ತೋಳು ಅನುಕೂಲ. ಮೇಜಿನ ಮೇಲೆ ಪುಸ್ತಕಕ್ಕೂ ಜಾಗ ಉಳಿಯುತ್ತದೆ.

ಏತದ ತತ್ತ್ವ

ಬಾವಿಯಿಂದ ನೀರೆತ್ತುವ ಏತವನ್ನು ಹಿರಿಯರು ಕಂಡಿರುತ್ತಾರೆ. ಕಂಬದ ಮೇಲೆ ಒಂದು ಉದ್ದನೆಯ ಗಳು, ಒಂದು ತುದಿಗೆ ಬಾನಿ, ಇನ್ನೊಂದು ತುದಿಗೆ ಕಲ್ಲಿನ ಭಾರ. ಕಲ್ಲು ಬಾನಿಯ ಭಾರವನ್ನು ಸರಿದೂಗಿಸುವುದರಿಂದ ಎತ್ತುವವನಿಗೆ ಶ್ರಮ ಕಡಿಮೆ.

ಮೈಕಿನ ತೋಳೂ ಒಂದು ಏತವೇ. ಆದರೆ ಮೇಜಿನ ಹಿಂದೆ ಕಲ್ಲು ತೂಗುಹಾಕಲು ಜಾಗವೆಲ್ಲಿ? ಹಾಗಾಗಿ ಕಲ್ಲಿನ ಕೆಲಸವನ್ನು ಎಳೆದು ಬಿಗಿದ ಸ್ಪ್ರಿಂಗ್ ಮಾಡುತ್ತದೆ. ಈ ಉಪಾಯವನ್ನು ಪ್ರಸಿದ್ಧಗೊಳಿಸಿದ್ದು ಒಂದು ಮೇಜುದೀಪ. ಬ್ರಿಟನ್ನಿನ ಜಾರ್ಜ್ ಕಾರ್ವರ್ಡೈನ್ ಮೋಟಾರು ವಾಹನಗಳ ಸ್ಪ್ರಿಂಗ್ ವ್ಯವಸ್ಥೆಯಲ್ಲಿ ಪಳಗಿದ ಎಂಜಿನಿಯರ್. ಎಲ್ಲಿಗೆ ಎಳೆದರೂ ಅಲ್ಲೇ ನಿಲ್ಲುವ ಸ್ಪ್ರಿಂಗ್ ತೋಳನ್ನು ಅವರು 1932ರಲ್ಲಿ ರೂಪಿಸಿದರು. 'ಆಂಗಲ್‌ಪಾಯ್ಸ್' ದೀಪ ಹುಟ್ಟಿದ್ದು ಹೀಗೆ. ಆ ದೀಪದ ಬುರುಡೆಯ ಜಾಗದಲ್ಲಿ ಮೈಕನ್ನು ಕಲ್ಪಿಸಿಕೊಂಡರೆ ಇಂದಿನ ಬೂಮ್ ಆರ್ಮ್ ಸಿದ್ಧ.

ಏತದ ಕಲ್ಲು ಬಾನಿಗೆ ತಕ್ಕಂತಿರಬೇಕು ತಾನೇ? ಸ್ಪ್ರಿಂಗ್ ಕೂಡ ಮೈಕಿಗೆ ತಕ್ಕಂತಿರಬೇಕು. ಮೈಕು ಭಾರವಾದರೆ ತೋಳು ನಿಧಾನವಾಗಿ ಜೋತುಬೀಳುತ್ತದೆ. ಹಗುರವಾದರೆ ತಾನಾಗಿ ಮೇಲೇಳುತ್ತದೆ. ಎರಡನೆಯದನ್ನು ಅನೇಕರು ಗಮನಿಸುವುದೇ ಇಲ್ಲ. 'ಹೆಚ್ಚು ಭಾರ ತಾಳುವುದೇ ಒಳ್ಳೆಯದು' ಎಂದು ದಪ್ಪ ತೋಳು ತಂದು, ಹಗುರ ಮೈಕು ಸಿಕ್ಕಿಸಿ ಪರದಾಡುತ್ತಾರೆ. ಒಳ್ಳೆಯ ತೋಳಿನ ಪೆಟ್ಟಿಗೆಯ ಮೇಲೆ ಕನಿಷ್ಠ, ಗರಿಷ್ಠ ಎರಡೂ ತೂಕ ಬರೆದಿರುತ್ತದೆ. ಕೆಲವದರಲ್ಲಿ ಸ್ಪ್ರಿಂಗಿನ ಬಿಗಿತ ಬದಲಿಸುವ ತಿರುಪು ಇರುತ್ತದೆ. ಹಾಗಿದ್ದರೆ ಇನ್ನೂ ಒಳ್ಳೆಯದು.

ಈಗ ಮೈಕನ್ನು ತೂಗಿ. ಮೈಕು ಮೈಕಿಗೂ ತೂಕದಲ್ಲಿ ಬಹಳ ವ್ಯತ್ಯಾಸವುಂಟು. ಹಾಡುಗಾರರು ಕೈಯಲ್ಲಿ ಹಿಡಿಯುವ ಶೂರ್ ಎಸ್‌ಎಂ58 ಸುಮಾರು 300 ಗ್ರಾಂ. ಬ್ಲೂ ಯೇತಿ ಮೈಕು ಅದರ ಸ್ಟ್ಯಾಂಡ್ ಬಿಟ್ಟು ಸುಮಾರು 550 ಗ್ರಾಂ. ಶೂರ್ ಎಸ್‌ಎಂ7ಬಿ ಸುಮಾರು 765 ಗ್ರಾಂ. ಮೈಕಿನ ಜೊತೆಗೆ ಅದನ್ನು ಹಿಡಿಯುವ ಚೌಕಟ್ಟು, ಉಸಿರು ತಡೆಯುವ ಜಾಲರಿ ಎಲ್ಲವನ್ನೂ ತಕ್ಕಡಿಗೆ ಹಾಕಬೇಕು. ಬೀದಿಯ ಕಿರಾಣಿ ಅಂಗಡಿಯವರು ಬೇಡವೆನ್ನಲಾರರು. ಬಂದ ತೂಕ ಪೆಟ್ಟಿಗೆಯ ಮೇಲಿನ ಎರಡು ಅಂಕಿಗಳ ನಡುವೆ ಬೀಳಬೇಕು.

ಸ್ಪ್ರಿಂಗ್ ಇಲ್ಲದ ತೋಳುಗಳೂ ಇವೆ. ಅವು ಕೀಲುಗಳ ತಿರುಪು ಬಿಗಿದಾಗ ಹುಟ್ಟುವ ಘರ್ಷಣೆಯಿಂದ ನಿಲ್ಲುತ್ತವೆ. ಒಂದೇ ಜಾಗದಲ್ಲಿ ಇಟ್ಟು ಬಳಸುವುದಾದರೆ ಇವು ಸಾಕು. ದಿನವೂ ಸರಿಸುವುದಾದರೆ ಪ್ರತಿ ಸಲ ಸಡಿಲಿಸಿ ಬಿಗಿಯುವ ಕೆಲಸ ತಪ್ಪದು. ಹಾವಿನಂತೆ ಬಾಗುವ ಕೊಳವೆ ತೋಳು ಹಗುರ ಮೈಕಿಗೆ ಮಾತ್ರ ಸರಿ.

ಮೇಜು ತಾಳುತ್ತದೆಯೇ?

ತೋಳಿನ ಬಗ್ಗೆ ಇಷ್ಟು ಯೋಚಿಸುವವರು ಮೇಜನ್ನು ಮರೆತುಬಿಡುತ್ತಾರೆ. ಒಂದು ಸಣ್ಣ ಲೆಕ್ಕ ಮಾಡೋಣ. 550 ಗ್ರಾಂ ಮೈಕು ಅಂಚಿನಿಂದ 80 ಸೆಂ.ಮೀ. ದೂರಕ್ಕೆ ಚಾಚಿದೆ. ತೋಳಿನ ತೂಕ 1 ಕಿಲೋ, ಅದರ ಗುರುತ್ವ ಕೇಂದ್ರ ನಡುವೆ, ಅಂದರೆ 40 ಸೆಂ.ಮೀ.ನಲ್ಲಿದೆ ಎನ್ನಿ. ಸನ್ನೆಯ ನಿಯಮದಂತೆ ಬಲವನ್ನು ದೂರದಿಂದ ಗುಣಿಸಿದರೆ ಮೈಕಿನದು ಸುಮಾರು 4.3, ತೋಳಿನದು ಸುಮಾರು 3.9, ಒಟ್ಟು 8.2 ನ್ಯೂಟನ್-ಮೀಟರ್. ಕ್ಲ್ಯಾಂಪ್ ಮೇಜನ್ನು ಹಿಡಿದಿರುವ ಅಗಲ ಬರೀ 6 ಸೆಂ.ಮೀ. ಆದರೆ 8.2ನ್ನು 0.06ರಿಂದ ಭಾಗಿಸಿ. ಸುಮಾರು 137 ನ್ಯೂಟನ್ ಬಂತು. ಅಂದರೆ ಒಂದೂವರೆ ಕಿಲೋ ಸಾಮಾನು ಅಂಚಿನ ಆ ಪುಟ್ಟ ಜಾಗವನ್ನು 14 ಕಿಲೋ ಭಾರದಷ್ಟು ಬಲದಿಂದ ಮೀಟುತ್ತಿದೆ! ತಿರುಪು ಬಿಗಿದ ಒತ್ತಡ ಇದಕ್ಕೆ ಬೇರೆ.

ತೇಗ, ಹೊನ್ನೆಯಂಥ ಗಟ್ಟಿ ಮರ ಅಥವಾ ದಪ್ಪ ಪ್ಲೈವುಡ್ ಇದನ್ನು ತಾಳುತ್ತದೆ. ಮರದ ಪುಡಿ ಒತ್ತಿ ಮಾಡಿದ ಹಲಗೆಯ ಮೇಜಾದರೆ ಅಂಚು ಕ್ರಮೇಣ ತಗ್ಗು ಬೀಳುತ್ತದೆ, ಚಕ್ಕೆ ಏಳುತ್ತದೆ. ಅಲ್ಲಿ ಕ್ಲ್ಯಾಂಪಿನ ಮೇಲೂ ಕೆಳಗೂ ಅಂಗೈಯಗಲದ ಪ್ಲೈವುಡ್ ತುಂಡು ಇಟ್ಟು ಬಿಗಿದರೆ ಬಲ ಹೆಚ್ಚು ಜಾಗಕ್ಕೆ ಹಂಚಿಹೋಗುತ್ತದೆ. ಗಾಜಿನ ಮೇಜಿಗೆ ಕ್ಲ್ಯಾಂಪ್ ಹಾಕಲೇಬಾರದು. ಮಡಚುವ ಪ್ಲಾಸ್ಟಿಕ್ ಮೇಜಿಗೂ ಇದು ಸಲ್ಲದು. ಅಂಥ ಮನೆಗೆ ನೆಲದ ಮೇಲೆ ನಿಲ್ಲುವ ಮುಕ್ಕಾಲಿ ಸ್ಟ್ಯಾಂಡೇ ಸರಿ.

ಮೇಜಿನ ಹಲಗೆಯ ದಪ್ಪ ಅಳೆಯಿರಿ. ಕ್ಲ್ಯಾಂಪಿನ ಬಾಯಿ ಅದಕ್ಕಿಂತ ಹೆಚ್ಚು ತೆರೆಯಬೇಕು. ಅಂಚಿನ ಕೆಳಗೆ ಕೈಯಾಡಿಸಿ. ಕಬ್ಬಿಣದ ಪಟ್ಟಿಯೋ ಡ್ರಾಯರೋ ಅಡ್ಡವಿದ್ದರೆ ಕ್ಲ್ಯಾಂಪ್ ಕೂರುವುದಿಲ್ಲ. ಗೋಡೆಗೆ ಒತ್ತಿದ ಮೇಜಾದರೆ ಕ್ಲ್ಯಾಂಪಿಗೂ ಹಿಂದಕ್ಕೆ ಮಡಚುವ ಮೊಣಕೈಗೂ ಜಾಗವಿದೆಯೇ ನೋಡಿ. ಮೇಲೆ ಪುಸ್ತಕದ ಕಪಾಟಿದ್ದರೆ, ಮೊಣಕೈ ಮೇಲೇಳದೆ ಪಕ್ಕದಿಂದ ತಗ್ಗಾಗಿ ಬರುವ ತೋಳು ಆರಿಸಿ.

ಉದ್ದದ ವಿಚಾರದಲ್ಲಿ ಪೈಥಾಗೊರಸ್ ಸಹಾಯಕ್ಕೆ ಬರುತ್ತಾನೆ. 40 ಸೆಂ.ಮೀ.ನ ಎರಡು ತುಂಡುಗಳಿರುವ ತೋಳನ್ನು '80 ಸೆಂ.ಮೀ.' ಎಂದು ಮಾರುತ್ತಾರೆ. ಮೊಣಕೈ ಲಂಬಕೋನದಲ್ಲಿ ಮಡಚಿದ್ದಾಗ ತುದಿಯಿಂದ ತುದಿಗೆ ಇರುವುದು ಸುಮಾರು 57 ಸೆಂ.ಮೀ. ಮಾತ್ರ. ಕುರ್ಚಿಯಲ್ಲಿ ಕುಳಿತು, ಕ್ಲ್ಯಾಂಪ್ ಹಾಕುವ ಜಾಗದಿಂದ ಬಾಯಿಯವರೆಗೆ ದಾರ ಹಿಡಿದು ಅಳೆದು, ಮಡಚಿದ ತೋಳು ಅಷ್ಟು ದೂರ ಮುಟ್ಟುತ್ತದೆಯೇ ಎಂದು ಲೆಕ್ಕ ಹಾಕಿ.

ತುದಿಯ ತಿರುಪನ್ನೂ ಗಮನಿಸಿ. ಮೈಕ್ ಸ್ಟ್ಯಾಂಡುಗಳಲ್ಲಿ 3/8 ಅಂಗುಲ, 5/8 ಅಂಗುಲ ಎಂಬ ಎರಡು ಅಳತೆ ಚಾಲ್ತಿಯಲ್ಲಿವೆ. ಒಂದರಿಂದ ಇನ್ನೊಂದಕ್ಕೆ ಹೊಂದಿಸುವ ಪುಟ್ಟ ಹಿತ್ತಾಳೆ ಅಥವಾ ಉಕ್ಕಿನ ಬಳೆ ಜೊತೆಗಿದೆಯೇ ಎಂದು ಕೇಳಿ.

ಮೇಜಿನ ಸದ್ದು ಮೈಕಿಗೆ

ಮೇಜಿನ ಮೇಲೆ ಕಿವಿಯಿಟ್ಟು ಇನ್ನೊಂದು ತುದಿಯನ್ನು ಉಗುರಿನಿಂದ ಕೆರೆಯಿರಿ. ಗಾಳಿಯಲ್ಲಿ ಕೇಳಿಸದ ಸದ್ದು ಮರದ ಮೂಲಕ ಚೆನ್ನಾಗಿ ಕೇಳಿಸುತ್ತದೆ. ಮೇಜಿಗೆ ಬಿಗಿದ ತೋಳಿನ ತುದಿಯಲ್ಲಿರುವ ಮೈಕೂ ಹೀಗೆಯೇ ಕೇಳಿಸಿಕೊಳ್ಳುತ್ತದೆ: ಮೊಣಕೈ ತಾಗಿದ್ದು, ಪೆನ್ನು ಬಿದ್ದದ್ದು, ಕೀಲಿಮಣೆ ಕುಟ್ಟಿದ್ದು ಎಲ್ಲವನ್ನೂ. 'ತೋಳು ಹಾಕಿದರೆ ಮೇಜಿನ ಸದ್ದು ಬರುವುದಿಲ್ಲ' ಎಂಬ ಮಾತು ಪೂರ್ತಿ ನಿಜವಲ್ಲ. ಕ್ಲ್ಯಾಂಪಿನ ಅಡಿಗೆ ರಬ್ಬರಿನ ಪಟ್ಟಿ, ಮೈಕನ್ನು ಎಲಾಸ್ಟಿಕ್ ದಾರಗಳಲ್ಲಿ ತೂಗಿಹಿಡಿಯುವ ಚೌಕಟ್ಟು ಇದ್ದರೆ ಕಂಪನ ಕಡಿಮೆಯಾಗುತ್ತದೆ. ಅಂಗಡಿಯಲ್ಲಿ ಸ್ಪ್ರಿಂಗನ್ನು ಬೆರಳಿನಿಂದ ಮೀಟಿ ನೋಡಿ. ತಂಬೂರಿಯ ತಂತಿಯಂತೆ 'ಝಂಯ್' ಎಂದು ಬಹಳ ಹೊತ್ತು ಗುನುಗಿದರೆ ಆ ಗುನುಗು ಮುದ್ರಣದಲ್ಲೂ ಬರಬಹುದು.

ಮಕ್ಕಳಿಗೊಂದು ಎಚ್ಚರಿಕೆ

ಏತದ ಬಾನಿ ಕಳಚಿಬಿದ್ದರೆ ಗಳು ರಭಸದಿಂದ ಮೇಲೇಳುತ್ತದೆ. ಬಿಗಿದ ಸ್ಪ್ರಿಂಗಿನ ತೋಳಿನಿಂದ ಮೈಕನ್ನು ಹಠಾತ್ತನೆ ಬಿಚ್ಚಿದರೂ ಹಾಗೆಯೇ ಆಗುತ್ತದೆ. ಲೋಹದ ತುದಿ ಕಣ್ಣಿಗೋ ಮುಖಕ್ಕೋ ಹೊಡೆಯಬಹುದು. ಮೈಕು ಬಿಚ್ಚುವ ಮೊದಲು ತೋಳನ್ನು ಅದು ಏರುವಷ್ಟು ಮೇಲಕ್ಕೆ ಏರಿಸಿ, ಒಂದು ಕೈಯಲ್ಲಿ ಭದ್ರವಾಗಿ ಹಿಡಿದು, ಮುಖವನ್ನು ಪಕ್ಕಕ್ಕಿಟ್ಟುಕೊಳ್ಳಬೇಕು. ಕೀಲುಗಳ ಹತ್ತಿರ ಮೈಕಿನ ತಂತಿಯನ್ನು ತುಸು ಸಡಿಲ ಬಿಡಬೇಕು. ಮನೆಯಲ್ಲಿ ಪುಟ್ಟ ತಮ್ಮ ತಂಗಿಯರಿದ್ದರೆ ಕೆಲಸ ಮುಗಿದ ಮೇಲೆ ತೋಳನ್ನು ಅವರ ಕೈಗೆಟುಕದಂತೆ ಮಡಚಿಡಿ.

ದುಡ್ಡು ಕೊಡುವ ಮೊದಲು

ಪಾಲಕರೇ, ಮಗುವಿಗೆ ಇಲ್ಲ ಎನ್ನುವ ಮೊದಲು, ಅಥವಾ ಹೂಂ ಎನ್ನುವ ಮೊದಲು, ಇಬ್ಬರೂ ಕುಳಿತು ಒಂದು ಪ್ರಯೋಗ ಮಾಡಿ. ಕಿಟಕಿ ಬಾಗಿಲು ಮುಚ್ಚಿ. ಮೈಕನ್ನು 60 ಸೆಂ.ಮೀ. ದೂರದಲ್ಲಿಟ್ಟು ಪಠ್ಯಪುಸ್ತಕದ ಒಂದು ಪುಟ ಓದಿಸಿ ಮುದ್ರಿಸಿ. ನಂತರ ದಪ್ಪ ಪುಸ್ತಕಗಳನ್ನು ಪೇರಿಸಿ, ಮೇಲೆ ಮಡಚಿದ ಟವೆಲ್ ಹಾಸಿ, ಅದರ ಮೇಲೆ ಮೈಕಿಟ್ಟು 15 ಸೆಂ.ಮೀ. ದೂರದಿಂದ ಅದೇ ಪುಟ ಓದಿಸಿ. ಗ್ರಹಣದ ಗುಂಡಿಯನ್ನು ದನಿ ಎರಡರಲ್ಲೂ ಒಂದೇ ಮಟ್ಟಕ್ಕೆ ಬರುವಂತೆ ಹೊಂದಿಸಿಕೊಳ್ಳಿ. ಇಯರ್‌ಫೋನ್ ಹಾಕಿ ಎರಡನ್ನೂ ಕೇಳಿ. ಒಮ್ಮೆ ಫ್ಯಾನ್ ಹಾಕಿ, ಒಮ್ಮೆ ಆರಿಸಿ ಇದನ್ನೇ ಮಾಡಿ.

ವ್ಯತ್ಯಾಸ ನಿಮ್ಮ ಕಿವಿಗೇ ತಿಳಿಯುತ್ತದೆ. ವಾರಕ್ಕೊಮ್ಮೆ ಮುದ್ರಿಸುವ ಮಗುವಿಗೆ ಆ ಪುಸ್ತಕದ ರಾಶಿಯೇ ಸಾಕು, ಖರ್ಚು ಸೊನ್ನೆ. ಒಂದು ತಿಂಗಳು ಕಳೆದರೂ ಮಗು ಬಿಡದೆ ಮುದ್ರಿಸುತ್ತಿದ್ದು, ದಿನವೂ ರಾಶಿ ಕಟ್ಟಿ ಕೆಡವುವುದೇ ತೊಡಕಾಗಿದ್ದರೆ ಆಗ ತೋಳಿಗೆ ಹಣ ಹಾಕುವುದು ದಂಡವಲ್ಲ. ಮೈಕಿನ ತೂಕ, ಹಲಗೆಯ ದಪ್ಪ, ಬಾಯಿಯವರೆಗಿನ ದೂರ, ತಿರುಪಿನ ಅಳತೆ ಈ ನಾಲ್ಕನ್ನು ಮಗುವಿನ ಕೈಯಿಂದಲೇ ಒಂದು ಚೀಟಿಯಲ್ಲಿ ಬರೆಸಿ, ಆ ಚೀಟಿಯೊಂದಿಗೆ ಅಂಗಡಿಗೆ ಹೋಗಿ. ಯಾವ ತೋಳು ನಾಲ್ಕಕ್ಕೂ ಹೊಂದುತ್ತದೆಯೋ ಅವುಗಳಲ್ಲಿ ಅಗ್ಗದ್ದನ್ನು ಕೊಂಡರೂ ನಷ್ಟವಿಲ್ಲ.