ಮುಲಾಜಿಗೆ ಸವೆದ ಗಾಡಿ

ನಮ್ಮ ಮನೆಗೆ ಪಿಕಪ್ ಬಂದಮೇಲೆ ನಮಗೆ ನೆಂಟರು ಜಾಸ್ತಿ ಆದರು. ತಮಾಷೆಗೆ ಹೇಳ್ತಿಲ್ಲ. ಮುಂಚೆ ಹಬ್ಬಕ್ಕೊಮ್ಮೆ ಫೋನ್ ಮಾಡ್ತಿದ್ದವರು ಈಗ ವಾರಕ್ಕೊಮ್ಮೆ ಮಾಡ್ತಾರೆ. ಮೊದಲು ಅಮ್ಮನ ಮಂಡಿನೋವು ವಿಚಾರಿಸ್ತಾರೆ, ಆಮೇಲೆ ಮಳೆ, ಆಮೇಲೆ ಟೊಮೆಟೊ ರೇಟು. ಕೊನೆಗೆ ಬರುತ್ತೆ ನೋಡಿ ಅಸಲಿ ಮಾತು: "ನಾಳೆ ಗಾಡಿ ಖಾಲಿ ಇದೆಯಾ?"

ಗಾಡಿ ಇರೋದು ಮುಳಬಾಗಿಲು ತಾಲ್ಲೂಕಿನ ನಮ್ಮೂರಲ್ಲಿ, ಮನೆ ಮುಂದಿನ ಹುಣಸೆಮರದ ಕೆಳಗೆ. ನಾನಿರೋದು ಬೆಂಗಳೂರಿನಲ್ಲಿ. ಸೆಕೆಂಡ್ ಹ್ಯಾಂಡ್ ಗಾಡಿ. ಸಾಲ ನನ್ನ ಸಂಬಳ ನೋಡಿ ಕೊಟ್ಟಿದ್ದು, ಹಾಗಾಗಿ ಆರ್‌ಸಿಯೂ ನನ್ನ ಹೆಸರಲ್ಲೇ ಇದೆ. ಓಡಿಸೋದು ಅಪ್ಪ. ಊರಿಗೆ ಹೋದಾಗ ನಾನೂ ಓಡಿಸ್ತೀನಿ, ನನ್ನ ಕಾರಿನ ಲೈಸೆನ್ಸ್‌ನಲ್ಲೇ. ಅದು ನಡೆಯುತ್ತೆ. 7,500 ಕೆ.ಜಿ. ಒಳಗಿನ ಸರಕು ಗಾಡಿಗೆ ಲಘು ವಾಹನದ ಲೈಸೆನ್ಸ್ ಸಾಕು ಅಂತ ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಮತ್ತೊಮ್ಮೆ ಖಚಿತಪಡಿಸಿದೆ.

ಗಾಡಿ ತಗೊಂಡ ಮೊದಲ ವರ್ಷ ನಾನು ಭಾರಿ ಶಿಸ್ತಿನ ಮಾಲೀಕಳು. ಎಂಜಿನ್ ಆಯಿಲ್, ಫಿಲ್ಟರ್, ಗ್ರೀಸು, ಕೂಲೆಂಟ್ ಎಲ್ಲಕ್ಕೂ ಫೋನಿನಲ್ಲಿ ರಿಮೈಂಡರ್. ಒಂದು ಸರ್ವಿಸ್ ಕೂಡ ತಪ್ಪಿಸಲಿಲ್ಲ. ಆದರೂ ಹದಿನಾಲ್ಕನೇ ತಿಂಗಳಿಗೆ ಹಿಂದಿನ ಕಮಾನ್ ಪ್ಲೇಟ್ ಮುರಿಯಿತು. ಹಿಂದಿನ ಎರಡೂ ಟೈರ್ ಅಂಚಿನಲ್ಲಿ ಸವೆದು ನುಣ್ಣಗಾಗಿದ್ದವು. ಕ್ಲಚ್ ಜಾರುತ್ತಿತ್ತು. ಎಲ್ಲ ಸೇರಿ 19,000 ರೂಪಾಯಿ ಬಿಲ್ ಆಯಿತು.

ಹಿಂದಿನ ಮಾಲೀಕ ನಮಗೆ ಮೋಸ ಮಾಡಿದ ಅಂತಲೇ ನಾನು ಅಂದುಕೊಂಡಿದ್ದೆ. ಗ್ಯಾರೇಜಿನ ಭಾಯ್ ಗಾಡಿ ಕೆಳಗಿಂದ ಹೊರಗೆ ಬಂದು, ಕೈ ಒರೆಸಿಕೊಳ್ಳುತ್ತಾ ಕೇಳಿದರು:

"ಏನಮ್ಮಾ ಹಾಕ್ತೀರ ಇದಕ್ಕೆ?"

"ಟೊಮೆಟೊ. ಆಮೇಲೆ ಊರೋರು ಏನಾದ್ರೂ ಕೇಳಿದ್ರೆ..."

"ಅದೇ. ಎಂಜಿನ್ ಚೆನ್ನಾಗೇ ಇದೆ. ಇದು ಕೆಟ್ಟಿರೋದು ಮುಲಾಜಿಗೆ."

ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ಆ ಒಂದು ವರ್ಷದಲ್ಲಿ ಗಾಡಿ ಏನೇನು ಹೊತ್ತಿದೆ ಅಂತ ಅಪ್ಪನನ್ನು ಕೂರಿಸಿಕೊಂಡು ಪಟ್ಟಿ ಮಾಡಿದೆ. ಅತ್ತೆ ಮನೆಯ ಫ್ರಿಜ್, ಬೀರು. ಪಕ್ಕದ ಮನೆಯವರ ಸಿಮೆಂಟು, ಒಂದೇ ಟ್ರಿಪ್ಪಿಗೆ ಇಪ್ಪತ್ತು ಮೂಟೆ. ಮದುವೆಯ ಶಾಮಿಯಾನ, ಪಾತ್ರೆ. ಡೇರಿಯ ಪಶು ಆಹಾರ. ಶಾಲೆ ವಾರ್ಷಿಕೋತ್ಸವದ ಕುರ್ಚಿ. ಬಾಡಿಗೆ ಕೊಟ್ಟವರು ಕಡಿಮೆ, ಡೀಸೆಲ್ ಹಾಕಿಸಿದವರು ಕೆಲವರು, "ದೇವರು ನಿಮ್ಮನ್ನ ಚೆನ್ನಾಗಿಟ್ಟಿರಲಿ" ಅಂದವರೇ ಹೆಚ್ಚು.

ಆಮೇಲೆ ನಾನು ಮೊದಲೇ ಮಾಡಬೇಕಾಗಿದ್ದ ಕೆಲಸ ಮಾಡಿದೆ. ಆರ್‌ಸಿ ತೆಗೆದು ಓದಿದೆ. ಅದರಲ್ಲಿ ಎರಡು ತೂಕ ಇರುತ್ತೆ. ಒಂದು ಖಾಲಿ ಗಾಡಿಯ ತೂಕ. ಇನ್ನೊಂದು ಸರಕು, ಜನ ಎಲ್ಲ ಸೇರಿ ಇರಬಹುದಾದ ಗರಿಷ್ಠ ತೂಕ. ನಮ್ಮದರಲ್ಲಿ ಖಾಲಿ 800, ಒಟ್ಟು 1,550. ಅಂದರೆ 750 ಕೆ.ಜಿ. ಹೊರಬಹುದು. ಆದರೆ ಆ 750ರಲ್ಲಿ ಓಡಿಸುವವರು, ಪಕ್ಕ ಕೂರುವವರು ಕೂಡ ಸೇರಿದ್ದಾರೆ. ಇಬ್ಬರಿಗೆ 140 ಕಳೆದರೆ ಸರಕಿಗೆ ಉಳಿಯೋದು 610. ಒಂದು ಟ್ರೇ ಟೊಮೆಟೊ 15 ಕೆ.ಜಿ., ಟ್ರೇಯದೇ ತೂಕ ಸುಮಾರು ಎರಡು. ಹದಿನೇಳರಿಂದ ಭಾಗಿಸಿದರೆ 35 ಟ್ರೇ.

ನಾವು ಹಾಕ್ತಿದ್ದದ್ದು 70.

ನಂಬಿಕೆ ಬರಲಿಲ್ಲ. ಮುಂದಿನ ಲೋಡನ್ನು ಹಾಗೇ ವೇಬ್ರಿಡ್ಜ್ ಮೇಲೆ ಹತ್ತಿಸಿದೆವು. ಚೀಟಿಯಲ್ಲಿ ಬಂದಿದ್ದು 2,130 ಕೆ.ಜಿ. ಅಪ್ಪ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ಗಾಡಿ ಎಳೀತಲ್ಲಮ್ಮ" ಅಂದರು.

ಸಮಸ್ಯೆ ಇರೋದೇ ಅಲ್ಲಿ. ಎಳೆಯುತ್ತೆ. 2005ರಲ್ಲಿ ಟಾಟಾ ಏಸ್ ಬಂದಾಗ ಎರಡು ಸಿಲಿಂಡರ್‌ನ ಪುಟ್ಟ ಡೀಸೆಲ್ ಎಂಜಿನ್ ಇಟ್ಟುಕೊಂಡು ಹಳ್ಳಿ ಸಂದಿಗಳಲ್ಲೆಲ್ಲ ನುಗ್ಗಿತು. ಜನ ಅದಕ್ಕೆ 'ಛೋಟಾ ಹಾಥಿ' ಅಂತ ಹೆಸರಿಟ್ಟರು. ಆಮೇಲೆ ಬೇರೆ ಬೇರೆ ಕಂಪನಿಗಳ ಚಿಕ್ಕ ಗಾಡಿಗಳು ಬಂದರೂ ನಮ್ಮ ಕಡೆ ಎಲ್ಲಕ್ಕೂ ಅದೇ ಹೆಸರು. ಆ ಹೆಸರಲ್ಲಿ ನಾವೆಲ್ಲ ಆನೆಯನ್ನು ನೆನಪಿಟ್ಟುಕೊಂಡು 'ಛೋಟಾ' ಮರೆತೆವು.

ಭಾರ ಜಾಸ್ತಿಯಾದರೆ ಎಂಜಿನ್ ಮೊದಲು ದೂರು ಹೇಳಲ್ಲ. ಅದಕ್ಕಿಂತ ಮುಂಚೆ ಬೇರೆಯವು ಸದ್ದಿಲ್ಲದೆ ಸಾಯ್ತವೆ. ಕಮಾನ್ ಪ್ಲೇಟ್‌ಗಳು ಚಪ್ಪಟೆಯಾಗಿ, ಒಂದು ದಿನ ಹಳ್ಳದಲ್ಲಿ ಇಳಿದಾಗ ಮುರೀತವೆ. ಭಾರಕ್ಕೆ ತಕ್ಕ ಗಾಳಿ ಇಲ್ಲದ ಟೈರು ಒತ್ತಿ ಕೂತು ಅಂಚಿನಲ್ಲಿ ಸವೆಯುತ್ತೆ, ಬಿಸಿಯಾಗುತ್ತೆ. ಏರಿನಲ್ಲಿ ನಿಂತ ಗಾಡಿಯನ್ನು ಹೊರಡಿಸಲು ಅರ್ಧ ಕ್ಲಚ್ ಹಿಡಿದು ಹಿಡಿದು ಕ್ಲಚ್ ಪ್ಲೇಟ್ ಸುಡುತ್ತೆ. ಎಲ್ಲಕ್ಕಿಂತ ಮುಖ್ಯ ಬ್ರೇಕು. 1,550 ಕೆ.ಜಿ. ನಿಲ್ಲಿಸೋಕೆ ಮಾಡಿದ ಬ್ರೇಕಿಗೆ 2,130 ನಿಲ್ಲಿಸು ಅಂದರೆ ಅದು ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕೆಲಸ ಮಾಡಬೇಕು. ಪ್ರತಿ ಸಲವೂ.

ಕಾನೂನೂ ಇದೆ. ಮಿತಿ ಮೀರಿ ಭಾರ ಹಾಕಿದರೆ ದಂಡ 20,000 ರೂಪಾಯಿ, ಮೇಲೆ ಹೆಚ್ಚುವರಿ ಪ್ರತಿ ಟನ್ನಿಗೆ 2,000. ಹೆಚ್ಚಿರೋ ಸರಕನ್ನು ಅಲ್ಲೇ ಇಳಿಸಬೇಕು, ಇಳಿಸುವ ಖರ್ಚೂ ನಮ್ಮದೇ. ಟೊಮೆಟೊ ಹತ್ತು ರೂಪಾಯಿಗೆ ಬಿದ್ದ ದಿನ ಹಾಗಾದರೆ ಇಡೀ ಲೋಡ್ ಮಾರಿದರೂ ಆ ದುಡ್ಡು ಹುಟ್ಟಲ್ಲ.

ಇಷ್ಟೆಲ್ಲ ಗೊತ್ತಾದ ಮೇಲೂ 'ಇಲ್ಲ' ಅನ್ನೋದು ಸುಲಭ ಆಗಲಿಲ್ಲ. ಅದು ಗೊತ್ತಾಗಿದ್ದು ದೊಡ್ಡಪ್ಪ ಬಂದ ದಿನ.

ದೊಡ್ಡಪ್ಪನ ಮೊಮ್ಮಗನಿಗೆ ಕಾಣಿಪಾಕಂನಲ್ಲಿ ಹರಕೆ. ಹದಿನಾರು ಜನ. "ಹಿಂದೆ ಜಮಖಾನ ಹಾಸಿದ್ರೆ ಆಯ್ತು. ಬೆಳಿಗ್ಗೆ ಹೋಗಿ ಸಂಜೆ ಬಂದ್ಬಿಡೋಣ" ಅಂದರು. ಅಪ್ಪ ಆಗಲೇ ತಲೆ ಆಡಿಸಿಯಾಗಿತ್ತು.

ಕಾಣಿಪಾಕಂಗೆ ನಮ್ಮೂರಿಂದ ನಂಗಲಿ, ಪಲಮನೇರು ದಾಟಿ ಮೊಗಿಲಿ ಘಾಟ್ ಇಳಿದು ಚಿತ್ತೂರಿನ ಕಡೆ ಹೋಗಬೇಕು. ಆ ಇಳಿಜಾರು ನೆನಪಾದಾಗ ಹೊಟ್ಟೆ ತಣ್ಣಗಾಯಿತು. ಅಪ್ಪನಿಗೆ ಹೇಳದೆ ಗಾಡಿಯನ್ನು ಭಾಯ್ ಹತ್ತಿರ ತಗೊಂಡು ಹೋದೆ. ಹಿಂದಿನ ಚಕ್ರ ಬಿಚ್ಚಿ ಡ್ರಮ್ ತೆಗೆದರು. ಲೈನರ್ ಬಿಸ್ಕತ್ತಿನಷ್ಟು ತೆಳ್ಳಗಾಗಿತ್ತು. ಬ್ರೇಕ್ ಆಯಿಲ್ ಕಾಫಿ ಡಿಕಾಕ್ಷನ್ ಬಣ್ಣ.

ನನ್ನ ರಿಮೈಂಡರ್‌ಗಳಲ್ಲಿ ಎಂಜಿನ್ ಆಯಿಲ್ ಇತ್ತು, ಬ್ರೇಕ್ ಆಯಿಲ್ ಇರಲೇ ಇಲ್ಲ. ಅದು ಗಾಳಿಯಲ್ಲಿನ ತೇವ ಹೀರಿಕೊಳ್ಳುತ್ತೆ. ಹಳೆಯದಾದಷ್ಟೂ ಬೇಗ ಕುದಿಯುತ್ತೆ. ಘಾಟಿನಲ್ಲಿ ಒಂದೇ ಸಮ ಬ್ರೇಕ್ ಒತ್ತಿದರೆ ಬಿಸಿಗೆ ಒಳಗೆ ಆವಿಯ ಗುಳ್ಳೆ ಏಳುತ್ತೆ. ಆಗ ಪೆಡಲ್ ಕೆಳಗೆ ಹೋಗುತ್ತೆ, ಗಾಡಿ ನಿಲ್ಲಲ್ಲ. ಅದಕ್ಕೇ ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕು. ಅಪ್ಪನಿಗೆ ಡೀಸೆಲ್ ಉಳಿಸೋಕೆ ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವ ಅಭ್ಯಾಸ ಬೇರೆ. ಹಾಗೆ ಮಾಡಿದರೆ ಎಂಜಿನ್ ಹಿಡಿತ ತಪ್ಪಿ ಪೂರ್ತಿ ಭಾರ ಬ್ರೇಕ್ ಮೇಲೇ ಬೀಳುತ್ತೆ. "ಯಾವ ಗೇರಲ್ಲಿ ಹತ್ತುತ್ತೀರೋ ಅದೇ ಗೇರಲ್ಲಿ ಇಳೀರಿ" ಅಂತ ಭಾಯ್ ಹೇಳಿಕೊಟ್ಟರು.

ಲೈನರ್, ಬ್ರೇಕ್ ಆಯಿಲ್ ಎರಡೂ ಹೊಸದು ಹಾಕಿಸಿದೆ. ಹಾಗಾದರೆ ಹೋಗಬಹುದಲ್ಲ ಅಂತ ಅಪ್ಪ. ಆಗಲ್ಲ ಅಂದೆ. ಸರಕು ಗಾಡಿಯ ಹಿಂದೆ ಜನರನ್ನು ಕೂರಿಸೋಕೆ ಕಾನೂನು ಬಿಡಲ್ಲ. ಹಾಗೆ ಪುಕ್ಕಟೆ ಕರೆದೊಯ್ಯುವವರಿಗೆ ಏನಾದರೂ ಆದರೆ ವಿಮಾ ಕಂಪನಿ ಹೊಣೆ ಅಲ್ಲ ಅಂತ ಸುಪ್ರೀಂ ಕೋರ್ಟ್ ಎರಡು ದಶಕದ ಹಿಂದೆಯೇ ಹೇಳಿದೆ. ಪರಿಹಾರ ಬೀಳೋದು ಆರ್‌ಸಿಯಲ್ಲಿ ಹೆಸರಿರೋರ ಮೇಲೆ. ನನ್ನ ಮೇಲೆ.

"ದುಡ್ಡಿನ ಮಾತಾ ಇದು?" ಅಂದರು ಅಪ್ಪ.

"ಅಲ್ಲಪ್ಪ. ಹಿಂದೆ ಕೂರೋದು ಅಣ್ಣನ ಮಗು. ಹಿಡ್ಕೊಳೋಕೆ ಒಂದು ಕಂಬಿ ಬಿಟ್ಟರೆ ಏನೂ ಇಲ್ಲ ಅಲ್ಲಿ."

ಅಪ್ಪ ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು: "ನಮ್ಮ ಬೋರ್‌ವೆಲ್ ಫೇಲಾದಾಗ ಎರಡನೇ ಸಲ ಕೊರೆಸೋಕೆ ದುಡ್ಡು ಕೊಟ್ಟಿದ್ದು ಅಣ್ಣ. ನೀನು ಆಗ ಏಳನೇ ಕ್ಲಾಸು. ಪತ್ರ ಇಲ್ಲ, ಬಡ್ಡಿ ಇಲ್ಲ. ಅವನಿಗೆ ಬೇಡ ಅಂತ ಹೆಂಗಮ್ಮ ಹೇಳೋದು?"

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನು ಓದಿದ್ದು, ಕೆಲಸ ಹಿಡಿದಿದ್ದು, ಆ ಗಾಡಿ ಕೊಂಡಿದ್ದು ಎಲ್ಲ ಆ ನೀರಿನಿಂದಲೇ. ಊರಲ್ಲಿ ಗಾಡಿ ಅಂದರೆ ತಿರುಗಿ ಕೊಡುವ ಉಪಕಾರ. ನಾನು ಆರ್‌ಸಿ ಓದಿ ಅದನ್ನು ಬರೀ ಕೆ.ಜಿ. ಲೆಕ್ಕಕ್ಕೆ ಇಳಿಸ್ತಾ ಇದ್ದೆ.

ಕೊನೆಗೆ ನಾನೇ ದೊಡ್ಡಪ್ಪನ ಮನೆಗೆ ಹೋಗಿ ಹೇಳಿದೆ. ಟೆಂಪೋ ಟ್ರಾವೆಲರ್ ಮಾತಾಡಿದ್ದೀನಿ, ಬಾಡಿಗೆ ನನ್ನದು, ಉಳಿದವರು ನಮ್ಮ ಕಾರಲ್ಲಿ ಬರಲಿ ಅಂತ. ದೊಡ್ಡಪ್ಪ ಬೇಡ ಅನ್ನಲಿಲ್ಲ. "ಆಯ್ತಮ್ಮ, ನಿಮ್ಮ ಗಾಡಿ, ನಿಮ್ಮಿಷ್ಟ" ಅಂದರು. ಆ 'ನಿಮ್ಮ' ಚುಚ್ಚಿತು. ಕಾಣಿಪಾಕಂಗೆ ಹೋಗಿ ಬಂದೆವು. ಪ್ರಸಾದ ಕೊಟ್ಟರು, ಮಾತು ಕೊಡಲಿಲ್ಲ. ಹೆಚ್ಚುಕಡಿಮೆ ಎರಡು ತಿಂಗಳು ಹಾಗೇ ಇತ್ತು.

ಈ ನಡುವೆ ಮನೆಯಲ್ಲಿ ಕೆಲವು ನಿಯಮ ಬಂದವು. ದಿನಾ ಬೆಳಿಗ್ಗೆ ಐದು ನಿಮಿಷ: ಎಂಜಿನ್ ಆಯಿಲ್ ಕಡ್ಡಿ ತೆಗೆದು ನೋಡೋದು, ಕೂಲೆಂಟ್ ಮಟ್ಟ, ಟೈರು, ಲೈಟು, ಹೊರಡುವ ಮುಂಚೆ ಬ್ರೇಕ್ ಪೆಡಲ್ ಗಟ್ಟಿಯಾಗಿದೆಯಾ ಅಂತ ಒತ್ತಿ ನೋಡೋದು. ವಾರಕ್ಕೊಮ್ಮೆ ಗಾಳಿ. ಮಳೆಗಾಲ ಮುಗಿದ ಮೇಲೆ ಅಡಿಭಾಗ ತೊಳೆದು ಗ್ರೀಸ್. ಎಫ್‌ಸಿ, ವಿಮೆ, ಹೊಗೆ ತಪಾಸಣೆಯ ದಿನಾಂಕ ನನ್ನ ಫೋನಿನಲ್ಲಿ. ಗಾಡಿಗೆ ಎಂಟು ವರ್ಷ ತುಂಬುವ ತನಕ ಎಫ್‌ಸಿ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಓಡಿದ ಪ್ರತಿ ಕಿಲೋಮೀಟರ್‌ಗೆ ನಾಲ್ಕು ರೂಪಾಯಿ ಬೇರೆ ಖಾತೆಗೆ ಹಾಕ್ತೀನಿ. ಟೈರ್, ಕ್ಲಚ್‌ಗೆ ಸಾಲ ಮಾಡೋದು ತಪ್ಪಿದೆ.

35 ಟ್ರೇ ಅಂದರೆ ನಷ್ಟ ಇಲ್ವಾ? ಇದೆ. ಕೋಲಾರದ ಮಾರುಕಟ್ಟೆಗೆ ಎರಡು ಟ್ರಿಪ್ ಹೊಡೆದರೆ ಲಾಭವೆಲ್ಲ ಡೀಸೆಲ್‌ಗೇ. ಅದಕ್ಕೇ ಚಿಕ್ಕ ಕೊಯ್ಲನ್ನು ಹತ್ತಿರದ ವಡ್ಡಹಳ್ಳಿ ಮಾರುಕಟ್ಟೆಗೆ ಹಾಕ್ತೀವಿ. ದೊಡ್ಡ ಕೊಯ್ಲು ಇದ್ದಾಗ ಅಕ್ಕಪಕ್ಕದ ಮೂರು ತೋಟದವರು ಸೇರಿ ದೊಡ್ಡ ಗಾಡಿ ಬಾಡಿಗೆಗೆ ಕರೀತೀವಿ. ಲೆಕ್ಕ ಹಾಕಿದರೆ ಮುಂಚೆಗಿಂತ ಕೈಗೆ ಸ್ವಲ್ಪ ಕಡಿಮೆಯೇ ಬರುತ್ತೆ. ಆದರೆ ಆಮೇಲೆ ಕಮಾನ್ ಪ್ಲೇಟ್ ಮುರಿದಿಲ್ಲ.

ಕಳೆದ ಭಾನುವಾರ ನಾನು ಊರಲ್ಲಿದ್ದೆ. ಬೆಳಗಿನ ಜಾವ ದೊಡ್ಡಪ್ಪ ಬಂದು ಗೇಟಿನ ಹತ್ತಿರವೇ ನಿಂತರು. ಅವರ ತೋಟದಲ್ಲಿ 50 ಟ್ರೇ ಕಿತ್ತಿಟ್ಟಿದ್ದಾರೆ, ಬರಬೇಕಾದ ಗಾಡಿ ಕೈಕೊಟ್ಟಿದೆ. ನನ್ನ ಕಡೆ ನೋಡಲಿಲ್ಲ, ಅಪ್ಪನನ್ನು ಕೇಳಿದರು. ನಾನು ಬಾಯಿ ತೆಗೆಯೋ ಮುಂಚೆ ಅಪ್ಪ ಅಂದರು:

"35 ಅಣ್ಣ. ಉಳಿದಿದ್ದು ಎರಡನೇ ಟ್ರಿಪ್. ಡೀಸೆಲ್ ನಂದು."

ಅಪ್ಪ ದೊಡ್ಡಪ್ಪನಿಗೆ ಎದುರು ಮಾತಾಡಿದ್ದು ನಾನು ಕಂಡಿದ್ದು ಅದೇ ಮೊದಲು. ದೊಡ್ಡಪ್ಪ ಗೊಣಗಿದರು. ಆದರೆ ಟ್ರೇ ಎತ್ತಿ ಇಡುವಾಗ ಎಣಿಸಿದ್ದು ಅವರೇ. 35 ಆದ ಕೂಡಲೇ "ಸಾಕು, ಹೊರಡ್ರೋ" ಅಂದರು.

ಊರಲ್ಲಿ ಒಂದು ಗಾಡಿ ನಿಮ್ಮ ಹೆಸರಲ್ಲೂ ಇದ್ದರೆ, ಸರ್ವಿಸ್ ದಿನಾಂಕದ ಜೊತೆಗೆ ಈ ವಾರ ಆರ್‌ಸಿಯಲ್ಲಿನ ಆ ಎರಡು ತೂಕವನ್ನೂ ನೋಡಿ. ಒಂದರಿಂದ ಇನ್ನೊಂದು ಕಳೆಯಿರಿ, ಕೂರುವವರನ್ನೂ ಕಳೆಯಿರಿ. ಉಳಿದ ಸಂಖ್ಯೆಯನ್ನು ಗಾಡಿ ಓಡಿಸುವವರಿಗೆ ಫೋನಿನಲ್ಲಿ ಹೇಳಬೇಡಿ, ಊರಿಗೆ ಹೋಗಿ ಪಕ್ಕ ಕೂತು ಹೇಳಿ. 'ಇಲ್ಲ' ಅನ್ನಬೇಕಾದವರು ಅವರು. ಅವರ ಮುಲಾಜು ನಮ್ಮದಕ್ಕಿಂತ ಹಳೆಯದು.